ಡಬ್ಬಿಗೊಂದು ಟಿಕೆಟ್

ನಮ್ಮ ಅಡುಗೆಮನೆಯ ಶೆಲ್ಫಿನ ಮೇಲೆ ಒಂದು ಸ್ಟೀಲ್ ಡಬ್ಬಿ ಇದೆ. ದೊಡ್ಡದೇನಲ್ಲ, ನಾಲ್ಕಾರು ಹೋಳಿಗೆ ಮಡಚಿಟ್ಟರೆ ಮುಚ್ಚಳವನ್ನು ಅಂಗೈಯಿಂದ ಒತ್ತಿ ಕೂರಿಸಬೇಕಾಗುತ್ತದೆ. ಮುಚ್ಚಳದ ಮೇಲೆ ನಮ್ಮವ್ವನ ಹೆಸರು ಹಾಕಿಸಿದ್ದು ಈಗ ಸವೆದು, ಗೊತ್ತಿದ್ದವರಿಗೆ ಮಾತ್ರ ಓದಲು ಬರುತ್ತದೆ. ಆ ಡಬ್ಬಿಯ ತಳದಲ್ಲಿ ಈಚೆಗೊಂದು ಕಪ್ಪು ಕಲೆ ಬಿದ್ದಿದೆ. ಪಾತ್ರೆ ತಿಕ್ಕಲು ಬರುವ ಹೆಣ್ಣುಮಗಳು ಅದನ್ನು ಕಂಡಾಗಲೆಲ್ಲ ನಾರು ಹಿಡಿದು ಯುದ್ಧಕ್ಕೆ ನಿಲ್ಲುತ್ತಾಳೆ, ನಾನು ಬೇಡವೆಂದು ಕಸಿದುಕೊಳ್ಳುತ್ತೇನೆ. ಲೋಟದ ಮೇಲೆ ಬೆರಳಿನ ಗುರುತು ಕಂಡರೂ ನೀರು ಗಂಟಲಲ್ಲಿ ಇಳಿಯದ ಹೆಂಗಸು ನಾನು. ಅಂಥವಳು ಈ ಒಂದು ಕಲೆಯನ್ನು ಯಾಕೆ ಸಾಕಿಕೊಂಡಿದ್ದೇನೆಂದು ತಿಳಿಯಬೇಕಾದರೆ, ಮಿತ್ರರೇ, ನೀವು ನನ್ನ ಜೊತೆ ದಾವಣಗೆರೆಯಿಂದ ಹರಿಹರದವರೆಗೆ ಬರಬೇಕು. ದೂರವೇನಿಲ್ಲ.

ಈ ‘ದೂರವೇನಿಲ್ಲ’ ಎಂಬ ಮಾತಿನಷ್ಟು ಮನುಷ್ಯರನ್ನು ದೂರ ಇಟ್ಟ ಮಾತು ಇನ್ನೊಂದಿಲ್ಲವೆಂದು ನನ್ನ ಅನುಭವ. ಮುಂಬೈಯಲ್ಲಿರುವ ನೆಂಟರ ಮನೆಗೆ ನಾವು ತಿಂಗಳುಗಟ್ಟಲೆ ಮೊದಲೇ ತಯಾರಿ ಮಾಡಿ, ಚಟ್ನಿಪುಡಿ ಕುಟ್ಟಿಸಿ, ಹೊಸ ಸೀರೆ ಉಟ್ಟು ಹೋಗಿಬರುತ್ತೇವೆ. ಪಕ್ಕದ ಹರಿಹರಕ್ಕಾದರೋ, ‘ಹೋದರಾಯ್ತು ಬಿಡು, ಅದೇನು ಓಡಿಹೋಗುತ್ತದೆಯೇ’ ಎನ್ನುತ್ತೇವೆ. ಹಿತ್ತಲ ಗಿಡ ಮದ್ದಲ್ಲವೆಂದು ಹಿರಿಯರು ಸುಮ್ಮನೆ ಹೇಳಲಿಲ್ಲ. ಎರಡೂ ಊರುಗಳ ಸಂಬಂಧವೂ ಅಕ್ಕತಂಗಿಯರದೇ. ಅವರ ಹೊಳೆಯ ನೀರು ಕುಡಿದು ನಾವು ಬದುಕುತ್ತೇವೆ, ನಮ್ಮ ಬೆಣ್ಣೆಯ ದೋಸೆ ತಿನ್ನಲು ಅವರು ಬರುತ್ತಾರೆ, ಆದರೂ ಊರು ಯಾವುದು ದೊಡ್ಡದು ಎಂಬ ಮಾತು ಬಂದರೆ ಇಬ್ಬರ ಮುಖವೂ ಗಂಟು. ಹರಿಹರದಲ್ಲಿರುವ ನನ್ನ ಗಿರಿಜಕ್ಕ, ನಲ್ಲಿಯಲ್ಲಿ ನೀರು ಬಂತೇ ಎಂದು ಫೋನಿನಲ್ಲಿ ಕೇಳುವಾಗ, ತಾನೇ ಹೊಳೆಗಿಳಿದು ಕೊಡ ತುಂಬಿ ಕಳಿಸಿದ ಧಾಟಿ ಇರುತ್ತದೆ.

ನಮ್ಮಿಬ್ಬರ ನಡುವೆ ತಪ್ಪದೆ ಓಡಾಡಿದ್ದು ಈ ಡಬ್ಬಿ. ಕೊಟ್ಟ ಡಬ್ಬಿಯನ್ನು ಖಾಲಿ ಹಿಂದಿರುಗಿಸಬಾರದೆಂಬುದು ನಿಮ್ಮ ಮನೆಯಲ್ಲೂ ಇರುವ ಪದ್ಧತಿಯೇ. ಏನೂ ಇಲ್ಲದಿದ್ದರೆ ಒಂದು ಚೂರು ಬೆಲ್ಲವನ್ನಾದರೂ ಹಾಕಬೇಕು. ಅವ್ವ ತೀರಿಹೋದ ಮೇಲೆ ಅಕ್ಕ ಅವಳ ಪಾತ್ರೆಗಳಲ್ಲಿ ಇದೊಂದನ್ನು ಆರಿಸಿ, ಎಳ್ಳುಹೋಳಿಗೆ ತುಂಬಿ ನನಗೆ ಕಳಿಸಿದಳು. ನಾನು ನಮ್ಮೂರಿನ ಖಾರದ ನರ್ಗಿಸ್ ಮಂಡಕ್ಕಿಗೆ ಒಗ್ಗರಣೆ ಕೊಟ್ಟು, ಅದರಲ್ಲೇ ತುಂಬಿ ವಾಪಸು ಕಳಿಸಿದೆ. ಅವಳು ಗುರೆಳ್ಳು ಪುಡಿ ಹಾಕಿದಳು, ನಾನು ಬೆಣ್ಣೆ ಹಾಕಿದೆ. ಪದ್ಧತಿಯ ಪ್ರಕಾರ ಯಾರೂ ಖಾಲಿ ಕಳಿಸುವಂತಿಲ್ಲವಾದ್ದರಿಂದ ಇದು ಮುಗಿಯುವ ಲೆಕ್ಕವೇ ಅಲ್ಲ. ಡಬ್ಬಿಯನ್ನು ಒಯ್ಯುತ್ತಿದ್ದವನು ಎರಡೂ ಊರುಗಳ ನಡುವೆ ತಿರುಗುವ ಬಸ್ಸಿನ ಕಂಡಕ್ಟರ್ ಹಾಲೇಶ. ರಸ್ತೆ ಬದಿ ನಿಂತು ಕೈ ತೋರಿಸಿದರೆ ಬಸ್ಸು ನಿಧಾನವಾಗುತ್ತಿತ್ತು, ಹಾಲೇಶ ಬಾಗಿಲಲ್ಲಿ ಜೋತುಬಿದ್ದು ಡಬ್ಬಿ ಇಸಿದುಕೊಂಡು ಡ್ರೈವರಿನ ಸೀಟಿನ ಹಿಂದೆ ಇಡುತ್ತಿದ್ದ. ಇನ್ನೂ ಎಷ್ಟೋ ತಾಯಂದಿರ ಬುತ್ತಿ, ಎಷ್ಟೋ ಅತ್ತೆಯರ ಔಷಧಿ ಅಲ್ಲಿ ಸಾಲಾಗಿ ಕೂತಿರುತ್ತಿದ್ದವು. ಸೀಟು ಸಿಗದೆ ನಿಂತ ನಮ್ಮಂಥವರಿಗೆ ಅವುಗಳನ್ನು ಕಂಡರೆ ಹೊಟ್ಟೆಕಿಚ್ಚಾಗುತ್ತಿತ್ತು.

ಡಬ್ಬಿ ಬರುತ್ತಿತ್ತು, ಆದರೆ ಅಕ್ಕ ಬರಲಿಲ್ಲ. ನನ್ನ ಸಂಕಟವೆಲ್ಲ ಅದೇ. ದೇವರಾಜ ಅರಸು ಬಡಾವಣೆಯಲ್ಲಿ ನಾವು ಈ ಮನೆ ಕಟ್ಟಿಸಿ ಗೃಹಪ್ರವೇಶ ಇಟ್ಟುಕೊಂಡ ದಿನ, ಹಾಲುಕ್ಕಿಸಲು ಅಕ್ಕನಿಗೆ ಹೇಳಿದ್ದೆ. ನಮ್ಮಲ್ಲಿ ಅದು ಹಿರಿಯ ಹೆಣ್ಣುಮಗಳ ಪಾಲಿನ ಕೆಲಸ. ಅವ್ವನ ನಂತರ ನನಗೆ ಹಿರಿಯಳೆಂದರೆ ಅವಳೇ. ಮುಹೂರ್ತ ಹತ್ತಿರವಾಗಿ ನಾನು ಗೇಟಿನ ಬಳಿಯೇ ನಿಂತಿರುವಾಗ ಹಾಲೇಶ ಬಂದ. ಬಸ್ಸನ್ನು ಸ್ಟ್ಯಾಂಡಿನಲ್ಲಿ ಬಿಟ್ಟು, ಯಾರದೋ ಬೈಕು ಕೇಳಿಕೊಂಡು ಬಂದಿದ್ದ.

“ದೊಡ್ಡಕ್ಕಾರು ಬರ್ಲಿಲ್ರಿ,” ಎಂದು ಡಬ್ಬಿ ಮುಂದೆ ಹಿಡಿದ. “ಇದನ್ನ ಕೊಟ್ಟಾರೆ.”

ಆದದ್ದಿಷ್ಟು. ಅಕ್ಕನ ಮೊಣಕಾಲು ಆಗಲೇ ಹದಗೆಟ್ಟಿತ್ತು. ರೇಷ್ಮೆ ಸೀರೆ ಉಟ್ಟು, ಡಬ್ಬಿ ಹಿಡಿದು ಹರಿಹರದಲ್ಲಿ ಬಸ್ಸಿಗೆ ಬಂದವಳಿಗೆ ಮೊದಲ ಮೆಟ್ಟಿಲೇ ಸೊಂಟದೆತ್ತರ ಕಂಡಿದೆ. ಸಹಾಯ ಮಾಡುವ ಉತ್ಸಾಹದಲ್ಲಿ ಪ್ರಯಾಣಿಕರಿಬ್ಬರು ಅವಳನ್ನು ಹತ್ತಿಸಿದ್ದಾರೆ. ಹತ್ತಿದವಳು ಸೆರಗು ಸರಿಮಾಡಿಕೊಂಡು, ಸೀಟಿಗೆ ಹೋಗದೆ ಹಿಂದಿನ ಬಾಗಿಲಿನಿಂದ ಇಳಿದುಬಿಟ್ಟಿದ್ದಾಳೆ. ರಾತ್ರಿ ಫೋನಿನಲ್ಲಿ ಹೇಳಿದಳು: “ಮೂಟೆ ಎತ್ತಿದಂಗೆ ಎತ್ತಿದ್ರು ನೀಲಿ. ಒಬ್ಬ ಮ್ಯಾಲಿಂದ ಎಳೀತಾನೆ, ಇನ್ನೊಬ್ಬ ಹಿಂದಿಂದ ನೂಕ್ತಾನೆ. ಎಲ್ರೂ ನೋಡ್ತಿದ್ರು. ಇನ್ನ ಬಸ್ಸಿಗೆ ಕಾಲಿಡಲ್ಲ ನಾನು.”

ಅವತ್ತು ನನ್ನ ನಾದಿನಿ ಹಾಲುಕ್ಕಿಸಿದಳು. ಹಾಲು ಉಕ್ಕಿತು, ನನ್ನ ಮನಸ್ಸು ಉಕ್ಕಲಿಲ್ಲ. ಬಾಡಿಗೆ ಕಾರು ಮಾಡಿಕೊಡುತ್ತೇನೆಂದು ಆಮೇಲೆ ಎಷ್ಟೋ ಸಲ ಗೋಗರೆದೆ. ಕಾರಿನಲ್ಲಿ ದಾವಣಗೆರೆಗೆ ಹೋಗುವುದು ಆಸ್ಪತ್ರೆಗೆ ಸೇರುವವರು, ತಂಗಿಯ ಮನೆಗೆ ಹೋಗುವವರು ತಮ್ಮ ಕಾಲ ಮೇಲೆ ಹೋಗಬೇಕು ಎಂಬುದು ಅವಳ ಸಿದ್ಧಾಂತ. ಮಗ ಹೇಳಿದರೂ ಅಷ್ಟೆ, ಸೊಸೆ ಹೇಳಿದರೂ ಅಷ್ಟೆ. ಹಬ್ಬಹರಿದಿನಗಳಲ್ಲಿ ನಾನೇ ಹೋಗಿ ಬರುತ್ತಿದ್ದೆ. ನನ್ನ ಮನೆಯ ಕಿಟಕಿ ಯಾವ ಕಡೆ ಇದೆ, ಒಲೆ ಯಾವ ಮೂಲೆಗಿದೆ ಎಂದು ಅವಳು ಕೇಳುವಳು, ನಾನು ಗಾಳಿಯಲ್ಲಿ ಬೆರಳಾಡಿಸಿ ತೋರಿಸುವೆನು. ಒಡಹುಟ್ಟಿದವಳು ತುಳಿಯದ ಮನೆ ಎಷ್ಟು ಚೆನ್ನಾಗಿದ್ದರೆ ಏನು ಬಂತು ಎಂದು ಒಮ್ಮೊಮ್ಮೆ ನಡುಮಧ್ಯಾಹ್ನ ಒಬ್ಬಳೇ ಕೂತಾಗ ಅಳು ಬಂದದ್ದೂ ಉಂಟು.

ಹೀಗಿರುವಾಗ ಎರಡು ಊರುಗಳ ನಡುವೆ ಬಸ್ಸಿಗೇ ಬೇರೆ ದಾರಿ ಮಾಡುವ ಯೋಜನೆ ಬಂತು. ರಸ್ತೆಯ ನಟ್ಟನಡುವೆ ಬಸ್ಸುಗಳಷ್ಟೇ ಓಡುವ ಪಥ, ಅಲ್ಲಲ್ಲಿ ಗಾಜಿನ ಬಾಗಿಲಿನ ನಿಲ್ದಾಣ, ಕೈ ತೋರಿಸಿದರೆ ನಿಲ್ಲದ ಬಸ್ಸು. ನನ್ನಷ್ಟು ಅದನ್ನು ಶಪಿಸಿದವರು ಈ ಜಿಲ್ಲೆಯಲ್ಲಿ ಇರಲಾರರು. ಮೊದಲು ಬೇವಿನ ಮರಗಳು ಹೋದವು, ಆಮೇಲೆ ನಮ್ಮವರ ಬಟ್ಟೆ ಅಂಗಡಿಯ ಮುಂದಿನ ಕಟ್ಟೆ ಹೋಯಿತು. ರಸ್ತೆ ಅಗೆದ ಕಾಲದಲ್ಲಿ ಅಂಗಡಿಗೆ ಗಿರಾಕಿಗಿಂತ ಹೆಚ್ಚಾಗಿ ಧೂಳೇ ಬರುತ್ತಿತ್ತು. ನಮ್ಮವರು ಬಿಳಿ ಪಂಚೆಗಳನ್ನು ಝಾಡಿಸಿ ಝಾಡಿಸಿ, ಕೊನೆಗೆ ಇವನ್ನು ಕಾವಿ ಬಣ್ಣವೆಂದೇ ಮಾರಿದರಾಯಿತು ಎಂದು ನಗುತ್ತಿದ್ದರು. ನನಗೆ ನಗು ಬರುತ್ತಿರಲಿಲ್ಲ. ಕಾಮಗಾರಿ ಮುಗಿಯುವ ಹೊತ್ತಿಗೆ ಹಾಲೇಶನನ್ನೂ ಕೊಕ್ಕನೂರು ಕಡೆಯ ಬಸ್ಸಿಗೆ ಹಾಕಿದರು. ಕೊನೆಯ ದಿನ ಅವನು ಡಬ್ಬಿಯನ್ನು ಮನೆಬಾಗಿಲಿಗೇ ತಂದುಕೊಟ್ಟು, ಇನ್ನು ಮುಂದೆ ಹೇಗೋ ಏನೋ ಎಂದು ತಲೆ ಕೆರೆದುಕೊಂಡ. ನಾನು ಅವನಿಗೆ ಚಹಾ ಕೊಟ್ಟು ಸರ್ಕಾರಕ್ಕೆ ಬೈದೆ.

ಹೊಸ ಬಸ್ಸು ಶುರುವಾದ ವಾರವೇ ಡಬ್ಬಿಗೆ ಬೆಣ್ಣೆ ತುಂಬಿಕೊಂಡು ನಿಲ್ದಾಣಕ್ಕೆ ಹೋದೆ. ಬಸ್ಸು ಬಂದಿತು, ಬಾಗಿಲು ತಾನೇ ತೆರೆಯಿತು, ನಾನು ಡ್ರೈವರಿಗೆ ಡಬ್ಬಿ ಕೊಡಬೇಕೆಂದರೆ ಅಡ್ಡಗೇಟು ಟಿಕೆಟ್ ಇಲ್ಲದ ನನ್ನನ್ನು ಒಳಗೇ ಬಿಡಲೊಲ್ಲದು. ಕಾವಲಿನವರು, ವಾರಸುದಾರರಿಲ್ಲದ ಸಾಮಾನನ್ನು ಬಸ್ಸಿನಲ್ಲಿ ಕಳಿಸುವಂತಿಲ್ಲ ಎಂದರು. ವಾರಸುದಾರಳು ಹರಿಹರದಲ್ಲಿ ಕಾಯುತ್ತಿದ್ದಾಳೆ ಎಂದೆ. ದೇವರು ಕೊಟ್ಟರೂ ಪೂಜಾರಿ ಕೊಡನೆಂದು ಗೊಣಗುತ್ತ ಕೌಂಟರಿಗೆ ಬಂದು, ಅಲ್ಲಿ ಕೂತಿದ್ದ ಹುಡುಗಿಗೆ, ಹೋಗಲಿ, ಈ ಡಬ್ಬಿಗೇ ಒಂದು ಟಿಕೆಟ್ ಕೊಡಮ್ಮ, ಅದು ಮನುಷ್ಯರಿಗಿಂತ ಹೆಚ್ಚು ಸಲ ಈ ದಾರಿಯಲ್ಲಿ ಓಡಾಡಿದೆ ಎಂದೆ. ನನ್ನ ಹಿಂದಿನ ಸಾಲಿನಲ್ಲಿ ಕಿಸಕ್ಕೆಂದು ನಕ್ಕರು. ಆ ಹುಡುಗಿ ಮಾತ್ರ ನಗಲಿಲ್ಲ.

“ಡಬ್ಬಿಗೆ ಕೊಡಾಕೆ ಬರಲ್ಲಮ್ಮ,” ಎಂದಳು. “ನಿಮಗೆ ಕೊಡ್ತೀನಿ. ಡಬ್ಬಿ ಹಿಡ್ಕಂಡು ನೀವೇ ಹೋಗ್ರಿ.”

ಅಷ್ಟು ಸರಳವಾದ ಮಾತನ್ನು ಇಷ್ಟು ವರ್ಷ ನನಗೆ ಯಾರೂ ಹೇಳಿರಲಿಲ್ಲ. ಟಿಕೆಟ್ ತೆಗೆದುಕೊಂಡೆ. ಬಸ್ಸಿನೊಳಗೆ ಹೋಗಿ ಕೂತು, ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡ ಮೇಲೆ ಏನೋ ಮರೆತಂತೆ ಅನ್ನಿಸಿತು. ಛತ್ರಿ ಇತ್ತು, ಕನ್ನಡಕ ಇತ್ತು. ಸ್ವಲ್ಪ ಹೊತ್ತಾದ ಮೇಲೆ ಹೊಳೆಯಿತು: ನಾನು ಬಸ್ಸನ್ನು ‘ಹತ್ತಿ’ರಲೇ ಇಲ್ಲ. ಪಡಸಾಲೆಯಿಂದ ಕೋಣೆಗೆ ಹೋದ ಹಾಗೆ ಸುಮ್ಮನೆ ನಡೆದು ಬಂದಿದ್ದೆ. ರಸ್ತೆಯಿಂದ ನಿಲ್ದಾಣಕ್ಕೂ ಮೆಟ್ಟಿಲಿಲ್ಲ, ಬರೀ ಇಳಿಜಾರು; ನಿಲ್ದಾಣದ ನೆಲವೂ ಬಸ್ಸಿನ ನೆಲವೂ ಒಂದೇ ಸಮ.

ಪಕ್ಕದ ರಸ್ತೆಯಲ್ಲಿ ಮೆಕ್ಕೆಜೋಳದ ಟ್ರ್ಯಾಕ್ಟರುಗಳೂ ಭಾರಿ ಭಾರಿ ಕಾರುಗಳೂ ಸಿಕ್ಕಿಬಿದ್ದು ಹಾರನ್ನು ಬಾರಿಸುತ್ತಿದ್ದಾಗ, ಸ್ವಂತ ವಾಹನವಿಲ್ಲದ ನಾವೆಲ್ಲ ರಾಜಬೀದಿಯಲ್ಲಿ ಹೋದೆವು. ಆ ಸುಖದಲ್ಲಿ ನನಗೊಂದು ಯೋಚನೆ ಬಂತು. ಲೋಕದ ಮೆಟ್ಟಿಲುಗಳ ಎತ್ತರವನ್ನು ಇಷ್ಟೇ ಇರಲಿ ಎಂದು ಗೊತ್ತುಮಾಡಿದವರು ಯಾರು? ಮೊಣಕಾಲು ಗಟ್ಟಿಯಿದ್ದವರೇ ಇರಬೇಕು. ಹತ್ತಲಾಗದವರು ಕೆಳಗೇ ಉಳಿಯುತ್ತಾರೆ, ಹಾಗೆ ಉಳಿದವರು ಮನೆಗೆ ಹೋಗುತ್ತಾರೆ, ಮನೆಗೆ ಹೋದವರನ್ನು ಲೆಕ್ಕಕ್ಕೆ ಹಿಡಿಯುವವರಿಲ್ಲ. ಅವರಿಗೆ ಸೋಮಾರಿತನವೆಂದೋ ಹಟವೆಂದೋ ನಾವು ಹೆಸರಿಟ್ಟುಬಿಡುತ್ತೇವೆ. ಈ ನಿಲ್ದಾಣದ ಎತ್ತರವನ್ನು ಅಳೆದ ಯಾವನೋ ಪುಣ್ಯಾತ್ಮನ ಮನೆಯಲ್ಲಿ ಮೊಣಕಾಲು ನೋಯುವ ಒಬ್ಬ ಅಕ್ಕ ಇದ್ದಿರಬೇಕು. ಬೇವಿನ ಮರಗಳನ್ನು ಕಡಿದದ್ದನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ; ಆದರೆ ಅವತ್ತು ಅವನಿಗೆ ಮನಸ್ಸಿನಲ್ಲೇ ಕೈಮುಗಿದೆ.

ಅಕ್ಕನಿಗೆ ಇದನ್ನೆಲ್ಲ ಹೇಳಿದರೆ ಅವಳು ಬೆಣ್ಣೆಯನ್ನು ಬೇರೆ ಪಾತ್ರೆಗೆ ತೆಗೆಯುತ್ತಾ, ಮೆಟ್ಟಿಲಿಲ್ಲದ ಬಸ್ಸು ಎಲ್ಲಾದರೂ ಇರುತ್ತದೆಯೇ, ತನ್ನನ್ನು ಕರೆದೊಯ್ಯಲು ಕಟ್ಟಿದ ಕತೆ ಇದು ಎಂದಳು. ನನಗೂ ಸಿಟ್ಟು ಬಂತು. ಡಬ್ಬಿಯನ್ನು ಅಲ್ಲೇ ಬಿಟ್ಟು ಎದ್ದೆ. ಸರದಿ ನಿನ್ನದು, ಹಾಲೇಶ ಇನ್ನು ಬರುವುದಿಲ್ಲ, ಹೇಗೆ ಕಳಿಸುತ್ತೀಯೋ ಕಳಿಸು ಎಂದು ಹೇಳಿ ಬಂದೆ. ಬರುವಾಗ ಬಸ್ಸಿನಲ್ಲಿ ತೊಡೆಯ ಮೇಲೆ ಡಬ್ಬಿ ಇರಲಿಲ್ಲ.

ಆಮೇಲೆ ಡಬ್ಬಿ ಬರಲಿಲ್ಲ. ಒಂದು ಹಬ್ಬ ಕಳೆಯಿತು, ಮಳೆಗಾಲವೂ ಮುಗಿಯುತ್ತ ಬಂತು. ಫೋನಿನಲ್ಲಿ ನಾವು ನೀರಿನ ಬಗ್ಗೆ, ತರಕಾರಿಯ ಬಗ್ಗೆ ಮಾತಾಡುತ್ತಿದ್ದೆವು. ಡಬ್ಬಿಯ ಮಾತನ್ನು ಅವಳೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಬರುವ ಡಬ್ಬಿಯೂ ನಿಂತುಹೋಯಿತಲ್ಲ, ಹಟ ಹಿಡಿದು ಇದ್ದದ್ದನ್ನೂ ಕಳೆದುಕೊಂಡೆನಲ್ಲ ಎಂದು ನನಗೆ ಒಳಗೊಳಗೇ ಭಯವಾಗತೊಡಗಿತು. ನಮ್ಮವರು, ಬೇಕಾದರೆ ಅಂಗಡಿಯಿಂದ ಅಂಥದೇ ಡಬ್ಬಿ ತರುತ್ತೇನೆ ಎಂದರು. ಗಂಡಸರಿಗೆ ಕೆಲವು ವಿಷಯ ತಿಳಿಸಿ ಹೇಳುವುದು ಕಷ್ಟ.

ಒಂದು ಬೆಳಿಗ್ಗೆ ಅಕ್ಕನ ಫೋನು ಬಂತು. ಡಬ್ಬಿ ಬಸ್ಸಿನಲ್ಲಿ ಬರುತ್ತಿದೆ, ನಿಲ್ದಾಣಕ್ಕೆ ಹೋಗಿ ಇಸಿದುಕೋ ಎಂದಳು. ಯಾರ ಕೈಯಲ್ಲಿ ಕಳಿಸಿದ್ದೀ ಎನ್ನುವುದರೊಳಗೆ ಫೋನು ಇಟ್ಟೇಬಿಟ್ಟಳು. ಗುರುತಿನವರು ಯಾರೋ ಸಿಕ್ಕಿರಬೇಕೆಂದು ನಾನು ಲಗುಬಗೆಯಿಂದ ಹೋಗಿ ನಿಂತೆ. ಎರಡು ಬಸ್ಸು ಬಂದು ಹೋದವು. ಮೂರನೆಯದರ ಬಾಗಿಲು ತೆರೆಯಿತು. ಬಾಗಿಲಲ್ಲೇ, ಕಂಬಿ ಹಿಡಿದುಕೊಂಡು, ಅವತ್ತಿನ ಅದೇ ರೇಷ್ಮೆ ಸೀರೆಯಲ್ಲಿ ಗಿರಿಜಕ್ಕ ನಿಂತಿದ್ದಳು. ಕಂಕುಳಲ್ಲಿ ಡಬ್ಬಿ. ಅವಳು ತಲೆ ತಗ್ಗಿಸಿ, ಬಲಗಾಲನ್ನು ಮುಂದೆ ಚಾಚಿ, ಕೆಳಗಿನ ಮೆಟ್ಟಿಲಿಗಾಗಿ ಪಾದದಿಂದ ತಡಕಾಡಿದಳು. ಪಾದ ಕೆಳಗಿಳಿಯಲಿಲ್ಲ, ಸೀದಾ ನೆಲದ ಮೇಲೆ ನಿಂತಿತು. ನಾನು ಕೈ ಕೊಡಲು ಹೋದವಳು ಹಿಂದೆ ಸರಿದೆ. ಎರಡನೆಯ ಕಾಲನ್ನೂ ಅವಳೇ ಇಟ್ಟಳು. ಬಾಗಿಲು ಮುಚ್ಚಿ ಬಸ್ಸು ಹೊರಟಮೇಲೂ ಅವಳು ತಿರುಗಿ ನಿಂತು ಆ ಜಾಗವನ್ನೇ ನೋಡುತ್ತಿದ್ದಳು.

“ಯಾರೂ ಮುಟ್ಟಲಿಲ್ಲ ನೀಲಿ ನನ್ನ,” ಎಂದಳು.

ಮನೆಗೆ ಬಂದವಳು ಕೂರಲಿಲ್ಲ. ನಾನು ಗಾಳಿಯಲ್ಲಿ ತೋರಿಸಿದ್ದ ಕಿಟಕಿಯನ್ನು ಮುಟ್ಟಿ ನೋಡಿ, ದೇವರ ಮನೆಯಲ್ಲಿ ನಿಂತು, ಅಡುಗೆಮನೆಗೆ ಬಂದು ಡಬ್ಬಿಯನ್ನು ನನ್ನ ಕೈಗಿತ್ತಳು. ಹಗುರವಿತ್ತು. ಮುಚ್ಚಳ ತೆಗೆದರೆ ಒಳಗೆ ಏನೂ ಇಲ್ಲ, ಒಂದು ಚೂರು ಬೆಲ್ಲವೂ ಇಲ್ಲ. ಪದ್ಧತಿಯ ವಿಷಯದಲ್ಲಿ ನಮ್ಮವ್ವನಿಗಿಂತ ಖಡಕ್ಕಾದ ನನ್ನ ಅಕ್ಕ, ಆ ಡಬ್ಬಿಯನ್ನು ಮೊದಲ ಸಲ ಖಾಲಿ ತಂದಿದ್ದಳು. ನಾನು ಅವಳ ಮುಖ ನೋಡಿದೆ.

“ನಾನೇ ಬಂದೀನಲ್ಲೇ,” ಎಂದಳು. “ಅದರಾಗೆ ಇನ್ನೇನು ಹಾಕ್ಲಿ? ಹಾಲು ಐತೇನು ಮನ್ಯಾಗೆ?”

ಹಾಲಿಗೆ ಬೇರೆ ಪಾತ್ರೆ ಕೊಡಲು ಹೋದರೆ ಬೇಡವೆಂದಳು. ಅವ್ವನ ಡಬ್ಬಿಗೇ ಹಾಲು ಸುರಿದು, ಅದನ್ನೇ ಒಲೆಯ ಮೇಲಿಟ್ಟು, ಉರಿ ದೊಡ್ಡದು ಮಾಡಿ, ಪೂರ್ವಕ್ಕೆ ಮುಖ ಮಾಡಿ ನಿಂತಳು. ಹಾಲು ಉಕ್ಕಿ ಡಬ್ಬಿಯ ಮೈಮೇಲೆಲ್ಲ ಇಳಿದು ಒಲೆಯನ್ನು ನಂದಿಸಿತು. ನಾನು ಅತ್ತುಬಿಟ್ಟೆ. ನಮ್ಮವರು ಸುಟ್ಟ ವಾಸನೆಗೆ ಒಳಬಂದು, ನಮ್ಮಿಬ್ಬರನ್ನೂ ನೋಡಿ ಹೊರಗೆ ಹೋದರು.

ಸಂಜೆ ಹೊರಡುವಾಗ ನಾನು ಡಬ್ಬಿಗೆ ಮಂಡಕ್ಕಿ ತುಂಬಲು ಹೋದರೆ, ಅದು ಇಲ್ಲೇ ಇರಲಿ, ಕೈಯಲ್ಲಿ ಏನೂ ಇಲ್ಲದಿದ್ದರೆ ತನಗೆ ಕಂಬಿ ಹಿಡಿಯಲು ಸುಲಭ ಎಂದಳು. ಈಗ ಮನಸ್ಸು ಬಂದಾಗ ಬರುತ್ತಾಳೆ. ಬಂದಳೆಂದರೆ ಮೊದಲು ಅಡುಗೆಮನೆಗೆ ಹೋಗಿ, ಡಬ್ಬಿಯನ್ನು ಬೋರಲು ಮಾಡಿ, ಅವ್ವನ ಪಾತ್ರೆಯ ಗತಿ ನೋಡು, ಈ ಕಲೆ ತಿಕ್ಕಲೂ ನಿನಗೆ ಮೈಬಗ್ಗದೇ ಎಂದು ಗದರುತ್ತಾಳೆ. ಕಲೆ ಮಾಡಿದವಳು ತಾನೇ ಎಂಬುದು ಅವಳಿಗೆ ನೆನಪಿರುವುದಿಲ್ಲ. ನಾಳೆಯೇ ತಿಕ್ಕುತ್ತೇನೆ ಎನ್ನುತ್ತೇನೆ. ಮತ್ತೆ ಬಂದು ಬೈಯಲಿ ಎಂದು ಹಾಗೇ ಬಿಡುತ್ತೇನೆ.