ಬಿಲ್ಲಿನ ಮೇಲಿನ ತಾರೀಖು

ಸುಳ್ಳು ಹೇಳಲು ಇಷ್ಟವಿಲ್ಲದೆ ಒಬ್ಬರು ಸುಳ್ಳು ಹೇಳಿದ್ದನ್ನು ನೀವು ನೋಡಿದ್ದೀರಾ? ನಾನು ನೋಡಿದ್ದೇನೆ. ಹೋದ ತಿಂಗಳು, ನಮ್ಮ ಮನೆಯ ನೆಲಮಾಳಿಗೆಯಲ್ಲಿ. ಹೇಳಿದವಳು ನನ್ನ ಮಗಳು ಇಂಚರ. ಹದಿಮೂರು ವರ್ಷ.

ಜರ್ಮನಿಯ ರೆನ್ನಿಂಗೆನ್‌ನಲ್ಲಿ ನಾವು ಕೊಂಡಿರುವುದು ಹಳೆಯ ಮನೆ. ಅದರ ತ್ಸೇಲರ್‌ಶ್ರಾಂಕ್ (ಮೀಟರು, ಫ್ಯೂಸು ಎಲ್ಲ ಇರುವ ಪೆಟ್ಟಿಗೆ) ಇನ್ನೂ ಹಳೆಯದು. ಓವನ್ನೂ ವಾಷಿಂಗ್ ಮಷೀನೂ ಒಟ್ಟಿಗೆ ಓಡಿದರೆ ಮನೆಯೆಲ್ಲ ಕತ್ತಲೆ. ಮನೆ ಬೆಚ್ಚಗಿಡುವ ಗ್ಯಾಸ್ ಬಾಯ್ಲರ್ ತೆಗೆಸಿ ಕರೆಂಟಿನಲ್ಲಿ ಓಡುವ ಹೀಟ್ ಪಂಪ್ ಹಾಕಿಸೋಣ ಎಂದು ಎಲೆಕ್ಟ್ರಿಷಿಯನ್ ಹೆರ್ (ಶ್ರೀಯುತ) ಬ್ರೆನರ್ ಅವರನ್ನು ಕರೆಸಿದೆ. ಮೊದಲು ಈ ಪೆಟ್ಟಿಗೆ ಬದಲಾಗಬೇಕು ಅಂದರು. ಜೊತೆಗೆ ಅರ್ಜಿ, ಸಬ್ಸಿಡಿ ಅಂತ ಇನ್ನೂ ಏನೋ ಹೇಳಿದರು. ಅವರದು ಈ ಕಡೆಯ ಶ್ವೇಬಿಷ್ ಜರ್ಮನ್. ಅರ್ಧ ಅರ್ಥವಾಗಲಿಲ್ಲ. "ಯಾ, ಯಾ" ಅಂದೆ.

ಅವರಿಗೆ ಮರುವಾರವೇ ಬಿಡುವಿತ್ತು. ಈ ದೇಶದಲ್ಲಿ ಎಲೆಕ್ಟ್ರಿಷಿಯನ್ ಮರುವಾರವೇ ಸಿಗುವುದೆಂದರೆ ಲಾಟರಿ ಹೊಡೆದ ಹಾಗೆ. ಮಾಡಿಸಿಬಿಟ್ಟೆ.

ಭಾನುವಾರ ಕಾರ್ಲ್ಸ್‌ರುಹೆಯ ಗೆಳೆಯ ಸುಹಾಸ ಊಟಕ್ಕೆ ಬಂದಿದ್ದ. ಅವನನ್ನು ಕೆಳಗೆ ಕರೆದುಕೊಂಡು ಹೋಗಿ ಹೊಸ ಪೆಟ್ಟಿಗೆ ತೋರಿಸಿದೆ.

"ಅರ್ಜಿ ಯಾವಾಗ ಹಾಕ್ದೆ?" ಅಂದ.

"ಈಗ ಹಾಕ್ಬೇಕು."

"ಗುರು, ಕೆಲಸ ಮುಗಿದ್ಮೇಲೆ ಯಾರು ಕೊಡ್ತಾರೆ? ಹೀಟ್ ಪಂಪ್ ಹಾಕಿಸೋರಿಗೆ ಸರ್ಕಾರ ಕೊಡೋ ದುಡ್ಡಲ್ಲಿ ಈ ಪೆಟ್ಟಿಗೆ ಖರ್ಚೂ ಸೇರಿಸ್ಬಹುದು. ಆದ್ರೆ ಮೊದಲು ಅರ್ಜಿ, ಆಮೇಲೆ ಕೆಲಸ."

ನನ್ನ ಮುಖ ನೋಡಿ ಅವನಿಗೇ ಪಾಪ ಅನ್ನಿಸಿರಬೇಕು. "ಬಿಲ್ಲಲ್ಲಿ ತಾರೀಖು ಮುಂದಕ್ಕೆ ಹಾಕಿಸ್ಕೋ. ಯಾರಿಗೆ ಗೊತ್ತಾಗತ್ತೆ?" ಅಂದ.

ಎರಡು ತಿಂಗಳ ಹಿಂದೆ ಇದೇ ಅಂಕಣದಲ್ಲಿ, ಮೈಸೂರಿನ ಒಂದು ಕಚೇರಿಯಲ್ಲಿ ಗುಮಾಸ್ತರೊಬ್ಬರು ಕೈ ಚಾಚಿದ್ದರ ಬಗ್ಗೆ ಬರೆದಿದ್ದೆ. ನಿಮ್ಮಲ್ಲಿ ಅನೇಕರು ಮೆಚ್ಚಿ ಪತ್ರ ಬರೆದಿರಿ. ಅದೇ ನಾನು ಸುಹಾಸನ ಮಾತಿಗೆ "ಹೌದಲ್ವಾ" ಅಂದೆ.

ಗುರುವಾರ ಸಂಜೆ ಹೆರ್ ಬ್ರೆನರ್ ಬಿಲ್ ಕೊಡಲು ತಾವೇ ಬಂದರು. ಪೋಸ್ಟಿನಲ್ಲಿ ಕಳಿಸಬಹುದಿತ್ತು. ಹೊಸ ಸ್ವಿಚ್ಚುಗಳಲ್ಲಿ ಯಾವುದು ಏನೆಂದು ತೋರಿಸಿಕೊಡಬೇಕು ಅಂತ ಬಂದರಂತೆ. ನೆಲಮಾಳಿಗೆಯಲ್ಲಿ ನಾವು ಮೂವರು. ಇಂಚರಳನ್ನು ಕರೆದೊಯ್ದಿದ್ದೆ.

ಅವಳು ನಮ್ಮ ಮನೆಯ ದುಭಾಷಿ. ಒಂಬತ್ತು ವರ್ಷಕ್ಕೇ ಡಾಕ್ಟರ ಕ್ಲಿನಿಕ್ಕಿಗೆ ಫೋನ್ ಮಾಡುತ್ತಿದ್ದಳು. ಬಂದವರೆದುರು ಅದನ್ನು ಹೇಳಿಕೊಂಡು ಹೆಮ್ಮೆ ಪಡುತ್ತಿದ್ದೆ.

ಬಿಲ್ಲಿನ ತಾರೀಖಿನ ಮೇಲೆ ಬೆರಳಿಟ್ಟುಕೊಂಡು ಅವಳಿಗೆ ಹೇಳಿದೆ: "ಇಂಚು, ಬಿಲ್ ತಾರೀಖು ಎರಡು ತಿಂಗಳು ಮುಂದಕ್ಕೆ ಹಾಕ್ಕೊಡಕ್ಕಾಗತ್ತಾ ಕೇಳು. ಅರ್ಜಿ ಹಾಕಕ್ಕೆ ಅಂತ ಹೇಳು."

ಅವಳು ನನ್ನನ್ನು ನೋಡಿದಳು. "ಆದ್ರೆ ಕೆಲಸ ಆಗ್ಲೇ ಮುಗಿದಿದ್ಯಲ್ಲಪ್ಪ."

"ನೀನು ಕೇಳು ಸಾಕು."

ಅವಳು ಅವರತ್ತ ತಿರುಗಿದಳು. ಆಮೇಲೆ ಜರ್ಮನ್‌ನಲ್ಲಿ, ತುಂಬ ಸ್ಪಷ್ಟವಾಗಿ, "ಕೆಲಸ ಬಹಳ ಚೆನ್ನಾಗಿದೆ, ನಿಮಗೆ ಧನ್ಯವಾದ ಅಂತ ಅಪ್ಪ ಹೇಳ್ತಿದ್ದಾರೆ" ಅಂದಳು.

ಅಷ್ಟು ಜರ್ಮನ್ ನನಗೂ ಅರ್ಥವಾಗುತ್ತದೆ.

ಹೆರ್ ಬ್ರೆನರ್ ಕೈ ಕುಲುಕಿ ಹೊರಟರು. ಬಾಗಿಲು ಹಾಕಿದ ಮೇಲೆ ನಾನು ಮಾಡಿದ್ದೇನು ಗೊತ್ತೇ? ಮಗಳನ್ನು ಗದರಿದೆ. "ಎರಡು ಮಾತು ಹೇಳಕ್ಕೆ ಬರಲ್ವಾ ನಿಂಗೆ?" ಅಂದೆ.

"ಬರತ್ತೆ," ಅಂದಳು. "ನಂಗೆ ಹೇಳಕ್ಕೆ ನಾಚಿಕೆ ಆಯ್ತು. ನೀನೇ ಕೇಳ್ಬೋದಿತ್ತಲ್ಲ?"

ಕೇಳಬಹುದಿತ್ತು. ತಾರೀಖು ಬದಲಾಯಿಸಿ ಅನ್ನಲು ಎಷ್ಟು ಜರ್ಮನ್ ಬೇಕು? ಹದಿನಾಲ್ಕು ವರ್ಷದಿಂದ ಇಲ್ಲಿದ್ದೇನೆ. ಭಾಷೆ ಬರುವುದಿಲ್ಲವೆಂದು ಅವಳನ್ನು ಮುಂದೆ ಬಿಟ್ಟಿರಲಿಲ್ಲ. ಆ ಮಾತು ನನ್ನ ಬಾಯಿಂದ ಬರಬಾರದಿತ್ತು, ಅಷ್ಟೇ. ಅವರು ಸಿಟ್ಟಾದರೆ ಮಗುವಿಗೆ ಸರಿಯಾಗಿ ಅರ್ಥವಾಗಿಲ್ಲ ಎಂದು ನಕ್ಕುಬಿಡಬಹುದಿತ್ತು. (ಹೌದು, ಇಷ್ಟೂ ಯೋಚಿಸಿದ್ದೆ.)

ಆಮೇಲೆ ಹಳೆಯದೊಂದು ನೆನಪಾಯಿತು. ಅವಳಿಗೆ ಆರು ತುಂಬಿದ ಹೊಸತು. ರೈಲಿನಲ್ಲಿ ಐದರವರೆಗೆ ಟಿಕೆಟ್ ಬೇಡ. ಟಿಕೆಟ್ ನೋಡುವವರು ಬಂದಾಗ, ಮೊದಲೇ ಹೇಳಿಕೊಟ್ಟಿದ್ದಂತೆ, ಐದು ಬೆರಳು ಎತ್ತಿ ತೋರಿಸಿದ್ದಳು. ಅವರು ಅವಳ ಕೆನ್ನೆ ಸವರಿ ಮುಂದೆ ಹೋದರು. ನಾನೂ ನನ್ನ ಹೆಂಡತಿ ವೀಣಾಳೂ ಮುಖ ಮುಖ ನೋಡಿಕೊಂಡು ನಕ್ಕಿದ್ದೆವು. ಎಷ್ಟು ಚುರುಕು ಅಂತ.

ಮಕ್ಕಳು ನಮ್ಮ ಭಾಷೆ ಮರೆಯುತ್ತಿದ್ದಾರೆ ಎಂದು ಇಲ್ಲಿನ ಕನ್ನಡಿಗರೆಲ್ಲ ಕೊರಗುತ್ತೇವೆ. ಶನಿವಾರದ ಕನ್ನಡ ಕ್ಲಾಸಿಗೆ ಕಳಿಸುತ್ತೇವೆ. ಆದರೆ ಆ ಭಾಷೆಯಲ್ಲಿ ಮನೆಯೊಳಗೆ ಅವರಿಗೆ ಏನೇನು ಹೇಳಿಕೊಡುತ್ತಿದ್ದೇವೆ?

ರಾತ್ರಿ ಇಂಚರ ಊಟ ಮುಗಿಸಿ ಮೇಲೆ ಹೋದಮೇಲೆ ವೀಣಾಗೆ ಹೇಳಿದೆ. ಅವಳು ಬೈಯಲಿಲ್ಲ. "ಅವಳ ಹತ್ರ ಸಾರಿ ಕೇಳಿದ್ರಾ?" ಅಂದಳು, ಅಷ್ಟೇ. ಕೇಳಿರಲಿಲ್ಲ. ಮೇಲೆ ಹೋಗಿ ಇಂಚರಳ ಕೋಣೆಯ ಬಾಗಿಲು ತಟ್ಟಿ, "ತಪ್ಪಾಯ್ತು ಕಣೇ" ಅಂದೆ. "ಓಕೆ" ಅಂದಳು. ಓದುತ್ತಿದ್ದ ಪುಸ್ತಕದಿಂದ ತಲೆ ಎತ್ತಲಿಲ್ಲ.

ಪೆಟ್ಟಿಗೆಯ ಖರ್ಚು ಪೂರ್ತಿ ನನ್ನದೇ. ಹೀಟ್ ಪಂಪಿಗೆ ಮಾತ್ರ ಅರ್ಜಿ ಹಾಕಿದ್ದೇನೆ, ಈ ಸಲ ಕೆಲಸಕ್ಕೆ ಮೊದಲು, ಒಬ್ಬನೇ ಕೂತು, ಡಿಕ್ಷನರಿ ಇಟ್ಟುಕೊಂಡು.

ಅದರ ಮಾತಿಗೆಂದು ಹೆರ್ ಬ್ರೆನರ್ ಮೊನ್ನೆ ಮತ್ತೆ ಬಂದಿದ್ದರು. ಮಗಳು ಶಾಲೆಗೆ ಹೋಗಿದ್ದಳು. ಕಾಫಿ ಕೊಟ್ಟು, ನನ್ನ ಹರಕು ಜರ್ಮನ್‌ನಲ್ಲೇ, "ಅವತ್ತು ನಾನು ಕೇಳಬೇಕೆಂದಿದ್ದು ಬೇರೆ ವಿಷಯ" ಎಂದು ಶುರು ಮಾಡಿದೆ.

"ಗೊತ್ತು," ಅಂದರು. ನನಗೆ ತಿಳಿಯಲೆಂದು ಅವರೂ ನಿಧಾನವಾಗಿ ಮಾತಾಡಿದರು. "ತಾರೀಖಿನ ಮೇಲೆ ಬೆರಳಿಟ್ಟುಕೊಂಡು ಮಾತಾಡುವ ಗಿರಾಕಿಗಳು ನನಗೆ ಹೊಸಬರಲ್ಲ."

ನನಗೆ ತಲೆ ಎತ್ತಲಾಗಲಿಲ್ಲ. ಅವರು ಕಾಫಿ ಮುಗಿಸಿ, ಬಾಗಿಲ ಬಳಿ ಹೋಗಿ ಬೂಟು ಹಾಕಿಕೊಳ್ಳುತ್ತಾ, "ಮಗಳನ್ನು ಚೆನ್ನಾಗಿ ಬೆಳೆಸಿದ್ದೀರಿ" ಅಂದರು.

ಆ ಮಾತನ್ನು ನಾನಿನ್ನೂ ಮನೆಯಲ್ಲಿ ಯಾರಿಗೂ ಹೇಳಿಲ್ಲ.