ಕೋಲಿಗೆ ಮೊದಲು ಕೂಗು

ಆಪರೇಟರಣ್ಣನ ಬಲಗೈ ತೋರುಬೆರಳಿಗೆ ತುದಿ ಇರಲಿಲ್ಲ. ಚಿಕ್ಕಂದಿನಲ್ಲಿ ಕುರಿಯ ಉಣ್ಣೆ ಕತ್ತರಿಸುವಾಗ ಹೋಗಿತ್ತಂತೆ. ಕಂಪ್ಯೂಟರಿಗೆ ಆಜ್ಞೆ ಟೈಪು ಮಾಡಿ, ಕೊನೆಯ ಕೀಲಿ ಒತ್ತುವ ಮುಂಚೆ ಆ ಮೊಂಡು ಬೆರಳು ಒಂದು ಗಳಿಗೆ ಗಾಳಿಯಲ್ಲಿ ನಿಲ್ಲುತ್ತಿತ್ತು.

ಎಪ್ಪತ್ತರ ದಶಕದ ಕೊನೆ. ಚಿತ್ರದುರ್ಗದ ಹತ್ತಿರದ ಗಣಿ ಕಚೇರಿಗೆ ಎರಡು ಬೀರುವಿನಷ್ಟು ದೊಡ್ಡ ಕಂಪ್ಯೂಟರು ಬಂದಿತ್ತು. ನಾನು ಕೆಲಸಕ್ಕೆ ಸೇರಿ ಮೂರು ತಿಂಗಳು, ಇನ್ನೂ ಕಾಯಂ ಆಗಿರಲಿಲ್ಲ. ಮತ್ತೋಡು ಕಡೆಯ ಕುರಿ ಸಾಕುವ ಮನೆಯಿಂದ ಬಂದು ಆ ಯಂತ್ರ ನಡೆಸುತ್ತಿದ್ದ ಅವರು ನಮಗೆಲ್ಲ ಆಪರೇಟರಣ್ಣ. ದಿನಾ ಬೆಳಿಗ್ಗೆ ಬಾಗಿಲಾಚೆ ಚಪ್ಪಲಿ ಬಿಟ್ಟು, ರೊಟ್ಟಿ ಗಂಟನ್ನು ಕಿಟಕಿಯಲ್ಲಿಟ್ಟು, ಯಂತ್ರದೊಳಗೆ ಓಡುತ್ತಿರುವ ಕೆಲಸಗಳ ಪಟ್ಟಿ ತೆಗೆಯುತ್ತಿದ್ದರು. ಒಂದೊಂದಕ್ಕೂ ಒಂದು ನಂಬರು. "ಎಷ್ಟು ಮೇಯ್ತಾ ಅವೆ ನೋಡಾಣ" ಎನ್ನುತ್ತಿದ್ದರು.

ಒಂದು ಮಧ್ಯಾಹ್ನ ಅವರು ಊಟಕ್ಕೆ ಹೋಗಿದ್ದಾಗ ಗೋದಾಮಿನ ಸಾಮಾನು ಪಟ್ಟಿ ಮುದ್ರಿಸುವ ಕೆಲಸ ಕೆಟ್ಟು, ಪ್ರಿಂಟರು ಖಾಲಿ ಹಾಳೆ ಉಗುಳತೊಡಗಿತು. ಗಾಬರಿಯಲ್ಲಿ ಬೆಳಗಿನ ಪಟ್ಟಿಯಲ್ಲಿದ್ದ ಅದರ ನಂಬರು ನೋಡಿ, ಒಂದೇ ಏಟಿಗೆ ಕೊಲ್ಲುವ ಆಜ್ಞೆ ಕೊಟ್ಟೆ. ಹಾಳೆ ಬರುತ್ತಲೇ ಇತ್ತು. ಆ ಕೆಲಸ ನಡುವೆ ನಿಂತು ಹೊಸ ನಂಬರಿನಲ್ಲಿ ಮತ್ತೆ ಶುರುವಾಗಿತ್ತು. ಹಳೆಯ ನಂಬರು ಸರ್ವೇಯರ ಲೆಕ್ಕಕ್ಕೆ ಹೋಗಿತ್ತು. ಸತ್ತದ್ದು ಅದು. ಸುರಂಗದಲ್ಲಿ ಎಲ್ಲೆಲ್ಲಿ ಆಸರೆ ಕಂಬ ನಿಲ್ಲಿಸಬೇಕೆಂಬ ಲೆಕ್ಕ. ಅದು ಬಾರದೆ ಎರಡನೇ ಪಾಳಿಯವರು ಕೆಳಗಿಳಿಯುವಂತಿರಲಿಲ್ಲ.

"ಮೂರು ತಾಸಿಂದ ಓಡ್ತಿತ್ತಲ್ಲಮ್ಮ! ಅಲ್ಲಿ ಕಾಯ್ತಿರೋರಿಗೆ ನೀನೇ ಹೋಗಿ ಹೇಳು" ಎಂದು ಸರ್ವೇಯರು ರೇಗಿದರು.

ಆಪರೇಟರಣ್ಣ ಬಂದವರೇ ಹೊಸ ಪಟ್ಟಿ ತೆಗೆದರು. ಗೋದಾಮಿನ ಕೆಲಸಕ್ಕೆ ಬರೀ 'ನಿಲ್ಲು' ಎಂಬ ಆಜ್ಞೆ ಕೊಟ್ಟು ಕಾದರು. ಪ್ರಿಂಟರು ಸುಮ್ಮನಾಯಿತು.

"ನೋಡವ್ವ, ಕುರಿನ ಮೊದ್ಲು ಕೂಗ್ತೀವಿ. ಬರ್ಲಿಲ್ಲ ಅಂದ್ರೇನೇ ಕೋಲು. ಗಬ್ಬದ ಕುರಿಗೆ ಕೋಲು ಬೀಸಿದ್ರೆ ಕಂದು ಹಾಕ್ತೈತೆ, ಹೊಟ್ಟೇಲಿರೋ ಮರಿ ಹೋಗ್ತೈತೆ. ನಿಲ್ಲು ಅಂದಿದ್ರೆ ಆ ಲೆಕ್ಕ ಆಗಿದ್ದಷ್ಟನ್ನ ಟೇಪಿಗೆ ಬರ್ಕಂಡು ನಿಲ್ತಿತ್ತು."

"ನನ್ನ ಕೆಲಸದಿಂದ ತೆಗೀತಾರಾ ಅಣ್ಣ?"

"ಅದು ಆಮೇಲೆ. ಮೊದ್ಲು ಅಲ್ಲಿ ಕಾಯ್ತಿರೋರಿಗೆ ಹೇಳಾಣ ಬಾ."

ಲೆಕ್ಕವನ್ನು ಮೊದಲಿನಿಂದ ಓಡಲು ಬಿಟ್ಟು, ಗಣಿಯ ಬಾಯಿಯವರೆಗೂ ನನ್ನ ಜೊತೆ ನಡೆದು ಬಂದರು. ಹೇಳುವುದನ್ನು ಮಾತ್ರ ನನ್ನಿಂದಲೇ ಹೇಳಿಸಿದರು. ಬೀಡಿ ಸೇದುತ್ತಿದ್ದ ಮುದುಕರೊಬ್ಬರು ನಕ್ಕರು: "ತಡ ಆದ್ರೆ ಆಗ್ಲಿ ತಾಯಿ, ಸುರಂಗದ ಮಾಡು ತಲೆ ಮೇಲೆ ಬೀಳದಿದ್ರೆ ಸಾಕು."

ಮಾರನೆಯ ದಿನ ಸಾಹೇಬರ ಕೋಣೆಗೆ ಆಪರೇಟರಣ್ಣ ಒಬ್ಬರೇ ಹೋಗಿ ಬಂದರು. ಏನು ಹೇಳಿದರೋ ನನಗೆ ಇವತ್ತಿಗೂ ಗೊತ್ತಿಲ್ಲ. ನನ್ನ ಕೆಲಸ ಉಳಿಯಿತು.

ಎಷ್ಟೋ ವರ್ಷಗಳ ಮೇಲೆ ಅವರು ತೀರಿಕೊಂಡ ಸುದ್ದಿ ಬಂದ ದಿನವೂ ಕಚೇರಿಯಲ್ಲಿ ಒಂದು ಕೆಲಸ ಸಿಕ್ಕಿಕೊಂಡಿತ್ತು. ಕಣ್ಣೊರೆಸಿಕೊಂಡು ಹೊಸ ಪಟ್ಟಿ ತೆಗೆದೆ. 'ನಿಲ್ಲು' ಎಂದು ಕೂಗಿದೆ. ಕಾದೆ. ಕೋಲು ಬೇಕಾಗಲಿಲ್ಲ.