ಎಡಗಡೆಯ ಎರಡು ಚುಕ್ಕಿ

ಆಸ್ಪತ್ರೆಯ ಎಕ್ಸ್‌ರೇ ಕೋಣೆಯಲ್ಲಿ ಇಪ್ಪತ್ತಾರು ವರ್ಷ ಕೆಲಸ ಮಾಡಿದವಳಿಗೆ ಭಾನುವಾರ ಮರದ ಫೋಟೋ ತೆಗೆಯುವಾಗಲೂ ಬಾಯಿ ಸುಮ್ಮನಿರುತ್ತಿರಲಿಲ್ಲ. ಕ್ಯಾಮೆರಾ ಕಣ್ಣಿಗಿಟ್ಟುಕೊಂಡು "ಉಸಿರು ಹಿಡ್ಕೊಳ್ಳಿ" ಎನ್ನುವಳು. ಕ್ಲಿಕ್. "ಹಾಂ, ಬಿಡಿ." ಮರ ಉಸಿರು ಹಿಡಿಯಿತೋ ಬಿಟ್ಟಿತೋ ದೇವರೇ ಬಲ್ಲ, ಜೊತೆಗೆ ನಡೆಯಲು ಬಂದ ಹನ್ನೆರಡು ಜನ ಮಾತ್ರ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಆ ಗುಂಪಿನಲ್ಲಿ ಅವಳಿಗೆ ಉಸಿರಮ್ಮ ಎಂಬ ಹೆಸರು ಬಿದ್ದದ್ದು ಹೀಗೆ. ಹೆಸರು ಅವಳಿಗೂ ಹಿಡಿಸಿತ್ತು. ಹಿಡಿಸದಿದ್ದರೆ ಎರಡನೇ ಸಲ ಹಾಗೆ ಕರೆಯುವ ಧೈರ್ಯ ಯಾರಿಗಿರುತ್ತಿತ್ತು?

ಗುಂಪಿನ ಹಿರಿಯರು ಸ್ಟುಡಿಯೋದವರು. ಪೇಟೆ ಬೀದಿಯಲ್ಲಿ ಅವರದೊಂದು ಸಣ್ಣ ಫೋಟೋ ಅಂಗಡಿ. ವಾರವಿಡೀ ಪಾಸ್‌ಪೋರ್ಟ್ ಸೈಜಿನ ಮುಖಗಳನ್ನು ತೆಗೆದು ತೆಗೆದು ಬೇಸತ್ತವರು ಭಾನುವಾರ ಬೆಳಿಗ್ಗೆ ಬಸ್ಸಿಳಿದು ಹೊಲದ ದಾರಿ ಹಿಡಿದರೆ ಮಗುವಿನ ಹಾಗಾಗಿಬಿಡುತ್ತಿದ್ದರು. ಒಂದೇ ಹೂವಿಗೆ ನಲವತ್ತು ಸಲ ಕ್ಲಿಕ್ಕಿಸುವರು. ಉಸಿರಮ್ಮ ಒಂದಕ್ಕೆ ಒಂದೇ. ರೋಗಿಯ ಮೈಗೆ ಎರಡನೇ ಸಲ ಕಿರಣ ಬಿಡುವುದೆಂದರೆ ಮೊದಲನೆಯದರಲ್ಲಿ ತಾನು ತಪ್ಪು ಮಾಡಿದ್ದೇನೆ ಎಂದು ಒಪ್ಪಿಕೊಂಡ ಹಾಗೆ ಎಂಬುದು ಅವಳು ಕಲಿತ ಪಾಠ.

"ಹೂವಿಗೇನು ಕಿರಣ ತಾಗುತ್ತಾ ಉಸಿರಮ್ಮ? ಇನ್ನೊಂದು ತೆಗೀರಿ" ಎಂದು ಸ್ಟುಡಿಯೋದವರು ಕಾಡುವರು.

"ಸರಿಯಾಗಿ ಬಂದಿದ್ರೆ ಇನ್ನೊಂದು ಯಾಕೆ? ಸರಿಯಾಗಿ ಬರದಿದ್ರೆ ನಾನ್ಯಾಕೆ?" ಎಂದು ಅವಳು ಮುಂದೆ ನಡೆಯುವಳು.

ಇಷ್ಟಾಗಿದ್ದರೆ ಯಾರೂ ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ತಕರಾರು ಇದ್ದದ್ದು ಇಂಗ್ಲಿಷಿನ ಎಲ್ ಎಂಬ ಒಂದು ಅಕ್ಷರದ್ದು. ಎಕ್ಸ್‌ರೇ ತೆಗೆಯುವವರು ಪ್ರತಿ ಚಿತ್ರದ ಅಂಚಿನಲ್ಲೂ ಸೀಸದ ಒಂದಕ್ಷರ ಇಡುತ್ತಾರೆ. ಎಡಕ್ಕೆ ಎಲ್, ಬಲಕ್ಕೆ ಆರ್. ಇಲ್ಲದಿದ್ದರೆ ಫಿಲ್ಮನ್ನು ತಿರುವಿ ಹಿಡಿದಾಗ ಎಡಗಾಲು ಬಲಗಾಲಾಗಿಬಿಡುತ್ತದೆ. ಅವಳು ಕೆಲಸಕ್ಕೆ ಸೇರಿದ ಮೊದಲ ವರ್ಷವೇ, ಗುರುತಿಲ್ಲದ ಒಂದು ಫಿಲ್ಮಿನಿಂದ ಹಮಾಲಿಯೊಬ್ಬನ ಗಟ್ಟಿ ಕಾಲಿಗೆ ಕತ್ತರಿ ಬೀಳುವುದರಲ್ಲಿತ್ತು. ಕೊನೆ ಗಳಿಗೆಯಲ್ಲಿ ಹಮಾಲಿಯೇ "ಸ್ವಾಮಿ, ನೋವು ಈ ಕಡೆ" ಎಂದದ್ದರಿಂದ ಉಳಿಯಿತು. ಆ ಫಿಲ್ಮು ತೆಗೆದವಳು ಅವಳಲ್ಲ, ಆದರೂ ಆವತ್ತು ಊಟ ಸೇರಲಿಲ್ಲ. ಮರುದಿನವೇ ತನ್ನ ಪಾಲಿನ ಸೀಸದ ಅಕ್ಷರಗಳಿಗೆ ಮೊಳೆಯಿಂದ ಎರಡೆರಡು ಚುಕ್ಕಿ ಹೊಡೆದುಕೊಂಡಳು. ಅಲ್ಲಿ ಪ್ರತಿಯೊಬ್ಬರ ಅಕ್ಷರಕ್ಕೂ ಅವರವರದೇ ಗುರುತು, ಒಬ್ಬರದನ್ನು ಇನ್ನೊಬ್ಬರು ಮುಟ್ಟುವಂತಿಲ್ಲ. ಎರಡು ಚುಕ್ಕಿ ಕಂಡರೆ ತೆಗೆದವಳು ಇವಳೇ.

ಯಂತ್ರಗಳು ಬದಲಾಗಿ ಹಳೆಯ ಅಕ್ಷರಗಳಿಗೆ ಕೆಲಸವಿಲ್ಲವಾದಾಗ ಅವಳು ತನ್ನ ಎಲ್ ಅಕ್ಷರವನ್ನು ಕೇಳಿ ಮನೆಗೆ ತಂದಳು. ಬಿಳಿ ರಟ್ಟಿನ ಮೇಲೆ ಅದನ್ನು ಅಂಟಿಸಿ, ಕೆಳಗೆ ತಾರೀಖಿಗೆ ಜಾಗ ಬಿಟ್ಟು, ಬಟ್ಟೆ ನೇತುಹಾಕುವ ತಂತಿಯನ್ನು ನೆಟ್ಟಗೆ ಮಾಡಿ ಅದಕ್ಕೆ ಸಿಕ್ಕಿಸಿದಳು. ಎಲ್ಲಿ ಫೋಟೋ ತೆಗೆದರೂ ಆವತ್ತಿನ ತಾರೀಖು ಬರೆದು ಆ ತಂತಿಯನ್ನು ಚಿತ್ರದ ಎಡ ಮೂಲೆಯಲ್ಲಿ ನೆಲಕ್ಕೆ ಚುಚ್ಚುವುದೇ. ಸೂರ್ಯೋದಯವಿರಲಿ, ಹೆಬ್ಬಂಡೆಯಿರಲಿ, ಮೂಲೆಯಲ್ಲೊಂದು ಎಲ್.

"ಚಂದದ ಮುಖಕ್ಕೆ ಮಸಿ ಬಳಿದ ಹಾಗಿರುತ್ತೆ" ಎಂದು ಸ್ಟುಡಿಯೋದವರು ಮೂಗು ಮುರಿಯುವರು. ಗ್ರಂಥಾಲಯದ ಸಭಾಂಗಣದಲ್ಲಿ ಗುಂಪಿನ ಚಿತ್ರಪ್ರದರ್ಶನ ನಡೆದ ಎರಡು ವರ್ಷವೂ ಅವಳ ಒಂದು ಚಿತ್ರವೂ ಗೋಡೆ ಹತ್ತಲಿಲ್ಲ. ಆ ಮೂಲೆ ಕತ್ತರಿಸಿದರೆ ಹಾಕುತ್ತೇವೆ ಎಂದರು. ಅವಳು ಕತ್ತರಿಸಲಿಲ್ಲ. ಬೇಸರವಾಗಲಿಲ್ಲ ಎಂದರೆ ಸುಳ್ಳಾಗುತ್ತದೆ. ಮನೆಗೆ ಬಂದು ಪಾತ್ರೆಗಳನ್ನು ಸ್ವಲ್ಪ ಜೋರಾಗಿಯೇ ತೊಳೆದಳು.

ಮನೆಯಲ್ಲಿ ಇದ್ದದ್ದು ಅವಳು ಮತ್ತು ಅವಳ ಅಕ್ಕ. ಟೆಲಿಫೋನ್ ಕಚೇರಿಯಿಂದ ನಿವೃತ್ತಳಾದ ಅಕ್ಕನಿಗೆ ಸೊಂಟದ ಕೀಲು ಸವೆದಿತ್ತು. ಅದರ ಎಕ್ಸ್‌ರೇ ತೆಗೆದವಳೂ ತಂಗಿಯೇ. ಡಾಕ್ಟರು ದಿನಾ ನಡೆಯಬೇಕು ಎಂದರು, ಆದರೆ ಏರು ಇಳಿಜಾರು ಕೂಡದು ಎಂದರು. ಸುತ್ತಮುತ್ತ ಅಂಥ ಸಮ ದಾರಿ ಒಂದೇ ಒಂದು. ಸೇತುವೆಯ ಬಳಿ ಬಸ್ಸಿಳಿದು ಬೆಟ್ಟದ ಕಡೆ ಮುಖ ಮಾಡಿ ನಿಂತರೆ ಹೊಳೆಯ ಎಡದಂಡೆಯಲ್ಲಿ ಕೆರೆಯವರೆಗೂ ಹೋಗುವ ಕಾಲುದಾರಿ. ಬಲದಂಡೆಯಲ್ಲಿರುವುದೂ ದಾರಿಯೇ, ಮೇಕೆಗಳ ಪಾಲಿಗೆ. ಬರೀ ಬಂಡೆ. ಅಕ್ಕನಿಗೆ ವಾರದಲ್ಲಿರುವುದೇ ಭಾನುವಾರ ಒಂದು ದಿನ ಎನ್ನುವಷ್ಟರ ಮಟ್ಟಿಗೆ ಆ ದಾರಿ ಮುಖ್ಯವಾಗಿತ್ತು. ತಿಂಗಳಿಗೊಮ್ಮೆ ಉಸಿರಮ್ಮ ಸೇತುವೆಯ ತುದಿಯಲ್ಲಿ ತಂತಿ ಚುಚ್ಚಿ, ಅಕ್ಕ ನಡೆದು ಹೋಗುತ್ತಿರುವ ಒಂದು ಫೋಟೋ ತೆಗೆಯುವಳು. ಹನ್ನೊಂದು ವರ್ಷ ಒಂದು ತಿಂಗಳೂ ತಪ್ಪಲಿಲ್ಲ.

ಹನ್ನೆರಡನೆಯ ವರ್ಷ ಎಡದಂಡೆಯ ಜಮೀನು ಕೈ ಬದಲಾಯಿತು. ಹೊಸ ಯಜಮಾನ ದಾರಿಯನ್ನೂ ಸೇರಿಸಿ ಉಳುಮೆ ಮಾಡಿಸಿ, ಸೇತುವೆಯ ಬಳಿ ಕಬ್ಬಿಣದ ಗೇಟು ಹಾಕಿಸಿದ. ಆವತ್ತಿನ ಭಾನುವಾರ ಅಕ್ಕ ಗೇಟಿನ ಕಂಬಿ ಹಿಡಿದು ಆಚೆಯ ಉತ್ತ ನೆಲ ನೋಡಿದಳು. ಆಮೇಲೆ "ಬಾರೇ, ಬಸ್ಸು ಇನ್ನೂ ಹೊರಟಿಲ್ಲ" ಎಂದಳು.

ಗುಂಪು ದೂರು ಕೊಟ್ಟಿತು. ಅಳತೆ ಕಚೇರಿಯಲ್ಲಿ ವಿಚಾರಣೆ. ಉದ್ದದ ಮೇಜು, ಕಡತಗಳ ಗುಡ್ಡೆ, ಗಿರಗಿರ ಸದ್ದಿನ ಫ್ಯಾನು. ಯಜಮಾನ ಸಭ್ಯನಾಗಿಯೇ ಮಾತಾಡಿದ. ದಾರಿ ಇತ್ತು, ಇಲ್ಲವೆನ್ನುವುದಿಲ್ಲ, ಆದರೆ ಅದಿದ್ದದ್ದು ಬಲದಂಡೆಯಲ್ಲಿ ಎಂದ. ಹಾಗೆಂದು ಚೀಲದಿಂದ ಚೌಕಟ್ಟು ಹಾಕಿದ ಒಂದು ಫೋಟೋ ತೆಗೆದು ಮೇಜಿನ ಮೇಲಿಟ್ಟ. ಸ್ಟುಡಿಯೋದವರ ಮುಖ ಬಿಳಿಚಿಕೊಂಡಿತು.

ಅದು ಅವರದೇ ಚಿತ್ರ. ಮೊದಲ ಪ್ರದರ್ಶನದಲ್ಲಿ ಎಲ್ಲರಿಂದ ಶಭಾಷ್ ಅನ್ನಿಸಿಕೊಂಡು, ಅಂದಿನಿಂದ ಗ್ರಂಥಾಲಯದ ಗೋಡೆಯ ಮೇಲಿದ್ದ ಚಿತ್ರ. ಮಂಜು, ಹೊಳೆ, ಹೊಳೆಯ ಬಲಕ್ಕೆ ತಿಳಿ ಬೆಳಕಿನ ದಾರಿ. ಕೆಳಗೆ ಅವರ ಸಹಿ.

"ಸರ್, ಅದನ್ನ ನಾನು ತಿರುಗಿಸಿ ಪ್ರಿಂಟ್ ಹಾಕಿದ್ದು" ಎಂದರು ಸ್ಟುಡಿಯೋದವರು. "ದಾರಿ ಬಲಕ್ಕೆ ಬಂದ್ರೆ ಕಣ್ಣಿಗೆ ಚೆನ್ನಾಗಿರುತ್ತೆ ಅಂತ. ನೆಗೆಟಿವ್ ಮಗುಚಿ ಹಾಕಿದೆ."

ಅಧಿಕಾರಿ ಕನ್ನಡಕದ ಮೇಲಿಂದ ನೋಡಿದರು. "ನೆಗೆಟಿವ್ ಎಲ್ಲಿದೆ?"

"ಅಂಗಡಿಗೆ ನೀರು ನುಗ್ಗಿದಾಗ ಹೋಯ್ತು ಸರ್."

"ಅಲ್ರೀ, ಚಂದ ಕಾಣ್ಲಿ ಅಂತ ಆಗ ತಿರುಗಿಸಿದ್ರಿ. ಈಗ ಕೇಸು ಗೆಲ್ಲಲಿ ಅಂತ ತಿರುಗಿಸ್ತಿಲ್ಲ ಅನ್ನೋಕೆ ಏನು ಗ್ಯಾರಂಟಿ? ನೀವು ಇನ್ನು ಯಾವ ಫೋಟೋ ತಂದ್ರೂ ನಾನು ಹೇಗೆ ನಂಬಲಿ?"

ಇಪ್ಪತ್ತಾರು ವರ್ಷದಲ್ಲಿ ಎಷ್ಟೋ ಡಾಕ್ಟರು ಇದೇ ಪ್ರಶ್ನೆ ಕೇಳಿದ್ದನ್ನು ಉಸಿರಮ್ಮ ನೋಡಿದ್ದಳು. ಎದ್ದಳು. ಕಾಲ ಬಳಿಯಿದ್ದ ಚೀಲದಿಂದ ಶೂ ಡಬ್ಬಿಗಳನ್ನು ತೆಗೆದು, ಒಂದೊಂದೇ ಚಿತ್ರವನ್ನು ಇಸ್ಪೀಟು ಹಂಚುವವಳ ಹಾಗೆ ಮೇಜಿನ ಮೇಲೆ ಸಾಲಾಗಿ ಇಡತೊಡಗಿದಳು. ಮೇಜು ಸಾಲದೆ ಗುಮಾಸ್ತ ಕಡತಗಳನ್ನು ಕೆಳಗಿಳಿಸಬೇಕಾಯಿತು. ನೂರ ಮೂವತ್ತೆರಡು ಚಿತ್ರ.

"ಮೂಲೇಲಿರೋ ಅಕ್ಷರ ನೋಡಿ ಸರ್. ಚಿತ್ರ ತಿರುಗಿದ್ರೆ ಅದೂ ತಿರುಗಬೇಕು. ನೂರ ಮೂವತ್ತೆರಡರಲ್ಲಿ ಒಂದಾದ್ರೂ ತಿರುಗಿದೆಯಾ ಹೇಳಿ. ನೆಗೆಟಿವ್‌ಗಳೂ ಇದೇ ಡಬ್ಬೀಲಿವೆ."

ಅಧಿಕಾರಿ ಭೂತಗನ್ನಡಿ ತರಿಸಿಕೊಂಡರು. ಪ್ರತಿ ಚಿತ್ರದಲ್ಲೂ ಎಲ್ ನೆಟ್ಟಗೆ ನಿಂತಿತ್ತು, ಕೆಳಗೆ ತಾರೀಖು, ಎಡಕ್ಕೆ ದಾರಿ, ದಾರಿಯ ಮೇಲೆ ಅಕ್ಕ. ಮೊದಲ ಸಾಲಿನಲ್ಲಿ ಕಪ್ಪು ಕೂದಲ ಅಕ್ಕ ಕೈಬೀಸಿಕೊಂಡು ಹೋಗುತ್ತಿದ್ದಳು. ನಡುವೆಲ್ಲೋ ಒಂದು ಕೋಲು ಬಂತು. ಕೊನೆಯ ಸಾಲಿನಲ್ಲಿ ಬೆಳ್ಳಗಾದ ತಲೆ, ಎರಡು ಕೋಲು, ಆದರೂ ಅದೇ ದಾರಿ.

"ತಾರೀಖನ್ನ ಯಾವಾಗ ಬೇಕಾದ್ರೂ ಬರೀಬಹುದು" ಎಂದ ಯಜಮಾನ.

"ಬರೀಬಹುದಪ್ಪ" ಎಂದಳು ಅಕ್ಕ, ಕೂತಲ್ಲಿಂದಲೇ. "ನನ್ನ ತಲೇನ ಒಂದೇ ದಿನದಲ್ಲಿ ಹೀಗೆ ಬಿಳಿ ಮಾಡೋಕಾಗುತ್ತಾ? ಹನ್ನೊಂದು ವರ್ಷ ಕಷ್ಟಪಟ್ಟಿದ್ದೀನಿ."

ಗುಮಾಸ್ತ ನಕ್ಕುಬಿಟ್ಟ. ಅಧಿಕಾರಿ ನಗಲಿಲ್ಲ, ಭೂತಗನ್ನಡಿಯನ್ನು ಇನ್ನಷ್ಟು ಹತ್ತಿರ ಹಿಡಿದರು. "ಈ ಅಕ್ಷರದ ಮೇಲೆ ಎರಡು ಚುಕ್ಕಿ ಇದೆಯಲ್ಲ, ಏನದು?"

"ಅದು ನಾನು" ಎಂದಳು ಉಸಿರಮ್ಮ. "ಚಿತ್ರದಲ್ಲಿ ತಪ್ಪಿದ್ರೆ ನನ್ನನ್ನೇ ಹಿಡೀಬೇಕು ಅಂತ ಹಾಕ್ಕೊಂಡಿದ್ದು. ಆಸ್ಪತ್ರೇಲಿ ಇಪ್ಪತ್ತಾರು ವರ್ಷ ಆಯ್ತು, ಇದುವರೆಗೂ ಯಾರೂ ಹಿಡಿದಿಲ್ಲ."

ಅಧಿಕಾರಿ ಕಾಗದ ಎಳೆದುಕೊಂಡು ಬರೆಯತೊಡಗಿದರು. ಪೂರ್ತಿ ಒಂದು ಪುಟ. ಗೇಟು ತೆಗೆಯಬೇಕು, ಎಡದಂಡೆಯ ದಾರಿಗೆ ಕಲ್ಲು ನೆಡಬೇಕು. ಕೊನೆಯಲ್ಲಿ ಮೊಹರು ಬಿತ್ತು. ಆಗ ಮಗ್ಗುಲಲ್ಲಿ ಕೂತಿದ್ದ ಅಕ್ಕ ತಂಗಿಯ ಮೊಣಕೈ ತಿವಿದಳು.

"ಬಿಡೇ" ಎಂದಳು ಮೆಲ್ಲಗೆ. "ಆಯ್ತಲ್ಲ, ಉಸಿರು ಬಿಡು."

ತಾನು ಅಷ್ಟೂ ಹೊತ್ತು ಉಸಿರು ಹಿಡಿದಿದ್ದೆನೆಂದು ಅವಳಿಗೆ ಗೊತ್ತಾದದ್ದು ಆಗಲೇ.

ಮುಂದಿನ ತಿಂಗಳು ದಾರಿ ತೆರೆಯಿತು. ಸ್ಟುಡಿಯೋದವರು ಗ್ರಂಥಾಲಯದ ಗೋಡೆಗೆ ವಾಪಸಾಗಿದ್ದ ತಮ್ಮ ಚಿತ್ರವನ್ನು ತಾವೇ ಇಳಿಸಿ, ಆ ಮೊಳೆಗೆ ಅಕ್ಕನ ಚಿತ್ರವನ್ನು ಮೂಲೆ ಕತ್ತರಿಸದೆ ತೂಗುಹಾಕಿದ್ದರು. ಭಾನುವಾರ ಸೇತುವೆಯ ಹತ್ತಿರ ತಂತಿ ಚುಚ್ಚುತ್ತಿದ್ದ ಉಸಿರಮ್ಮನ ಬಳಿ ಬಂದು ಸ್ವಲ್ಪ ಹೊತ್ತು ಹಿಂದೆಮುಂದೆ ನೋಡಿದರು.

"ಆ ಎಲ್ ಅಕ್ಷರಾನ ಇವತ್ತೊಂದು ದಿನ ಕೊಡ್ತೀರಾ? ನಾನೂ ಇಟ್ಟು ಒಂದು ತೆಗೀತೀನಿ."

"ಕೊಡಲ್ಲ" ಎಂದಳು ಉಸಿರಮ್ಮ. "ಇದು ನಾನು ತೆಗೆದದ್ದಕ್ಕೆ ಮಾತ್ರ. ನೀವು ನಿಮ್ಮದೊಂದು ಮಾಡಿಸ್ಕೊಳ್ಳಿ. ಚುಕ್ಕಿ ಮೂರು ಹೊಡೀರಿ, ಎರಡು ಹೊಡೀಬೇಡಿ."

ಅವರು ಜೇಬಿನಿಂದ ಚೀಟಿ ತೆಗೆದು 'ಮೂರು' ಎಂದು ಬರೆದುಕೊಂಡರು. ಅಷ್ಟರಲ್ಲಿ ಅಕ್ಕ ಹೊಸ ಕಲ್ಲಿನ ಪಕ್ಕದಲ್ಲಿ ಎರಡು ಕೋಲೂರಿ ಹೊರಟಾಗಿತ್ತು. ತಂಗಿ ಕ್ಯಾಮೆರಾ ಕಣ್ಣಿಗಿಟ್ಟಳು. ಅಕ್ಕ ತಿರುಗಿ ನೋಡದೆಯೇ, ಬೆಟ್ಟಕ್ಕೂ ಕೇಳಿಸುವ ಹಾಗೆ ಕೂಗಿದಳು:

"ಹಿಡ್ಕೊಂಡಿದ್ದೀನಿ ಕಣೇ. ಬೇಗ ತೆಗಿ."

ಅವಳು ತೆಗೆದಳು. ಒಂದೇ.